ಗಡಿಯನ್ನು ಅಳಿಸುವ ಕ್ರಮ

ಕೊಳ್ಳೇಗಾಲದಿಂದ ಹೊರಟ ಬಸ್ಸು ಹನೂರನ್ನು ಹಿಂದಿಕ್ಕಿ, ಮಲೆ ಮಹದೇಶ್ವರ ಬೆಟ್ಟವನ್ನು ಏರಿಳಿದು ಪಾಲಾರನ್ನು ಮುಟ್ಟಿತೆಂದರೆ ಕರ್ಣಾಟಕದ ನೆಲ ಅಲ್ಲಿಗೆ ಮುಗಿಯಿತು, ಹೊಳೆಯಾಚೆ ತಮಿಳುನಾಡು. ಈ ಗಡಿ ಪುರಾತನವಾದುದೆಂದು ಭಾವಿಸುವವರುಂಟು. ಆದರೆ 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಂದು ಅದು ಮೈಸೂರು ರಾಜ್ಯಕ್ಕೆ ಬಂದಿತು. ಬಡಗಣ ಗೆರೆ ಅಳಿದು ಪಾಲಾರಿನಲ್ಲಿ ಹೊಸ ಗೆರೆ ಮೂಡಿತು. ಈ ಬದಲಾವಣೆಗೆ ಎರಡು ಕಡೆಗೂ ಒಂದೇ ದಿನವನ್ನು ಗೊತ್ತುಮಾಡಲಾಗಿತ್ತೆಂಬುದು ಗಮನಾರ್ಹ.

ಕಂಪ್ಯೂಟರುಗಳ ಜಾಲದಲ್ಲಿಯೂ ಇಂಥ ಗೆರೆಗಳುಂಟು. ಅಂಚೆಯ ಮನೆಯಲ್ಲಿ ಕಾಗದಗಳನ್ನು ವಿಂಗಡಿಸುವಂತೆ, ಸುದ್ದಿಯನ್ನು ಇಂಥ ದಾರಿಯಲ್ಲಿ ಹೋಗೆಂದು ಕಳುಹಿಸುವ ಯಂತ್ರಕ್ಕೆ ರೂಟರ್ ಎಂದು ಹೆಸರು. ಅದೇ 1956ರಲ್ಲಿ ಡಚ್ ವಿಜ್ಞಾನಿ ಡೈಕ್‌ಸ್ಟ್ರಾ ಅತಿ ಹತ್ತಿರದ ದಾರಿಯನ್ನು ಹುಡುಕುವ ಗಣಿತಕ್ರಮವೊಂದನ್ನು ಯೋಚಿಸಿದರು. 1959ರಲ್ಲಿ ಅದು ಅಚ್ಚಾಯಿತು. ಆ ಕ್ರಮವನ್ನೇ ಆಧರಿಸಿದ ಓ.ಎಸ್.ಪಿ.ಎಫ್. ಎಂಬ ನಿಯಮಾವಳಿ 1989ರಲ್ಲಿ ಪ್ರಕಟವಾಯಿತು. ಅಂದಿನ ರೂಟರುಗಳ ಶಕ್ತಿ ಅಲ್ಪ. ಇಡೀ ಜಾಲದ ನಕ್ಷೆ ಅವಕ್ಕೆ ಹೊರೆಯಾಗುತ್ತಿದ್ದುದರಿಂದ ಜಾಲವನ್ನು ವಲಯಗಳಾಗಿ ಹಂಚಿದರು. ಸೊನ್ನೆಯ ವಲಯವೇ ಬೆನ್ನೆಲುಬು. ಮಿಕ್ಕವು ಅದಕ್ಕೆ ಅಂಟಿಕೊಂಡವು. ಗಡಿಯ ರೂಟರು ಆಚೆಯ ನಕ್ಷೆಯನ್ನು ತೋರದೆ ಸಾರಾಂಶವನ್ನಷ್ಟೇ ತಿಳಿಸುತ್ತದೆ.

ದೊಡ್ಡ ಜಾಲಕ್ಕೆ ಇದು ಇಂದಿಗೂ ಉಪಕಾರಿ. ಹತ್ತಿಪ್ಪತ್ತು ರೂಟರುಗಳ ಸಣ್ಣ ಜಾಲಕ್ಕಾದರೋ ವಲಯಗಳು ಬಹುಮಟ್ಟಿಗೆ ಅನಾವಶ್ಯಕ. ಇಂದಿನ ಯಂತ್ರಗಳು ಅಷ್ಟು ಚಿಕ್ಕ ನಕ್ಷೆಯನ್ನು ಲೀಲಾಜಾಲವಾಗಿ ಹೊರುತ್ತವೆ. ಗೆರೆಯಿದ್ದರೆ ಆಚೆ ಎಲ್ಲಿ ದಾರಿ ಕಡಿದಿದೆಯೆಂಬುದು ಈಚಿನವರಿಗೆ ಕಾಣದು.

ಬ್ಯಾಂಕೊಂದರ ಮುಖ್ಯ ಕಚೇರಿ ಕೊಳ್ಳೇಗಾಲದಲ್ಲಿಯೂ ಶಾಖೆಗಳು ಹನೂರು, ಪಾಲಾರುಗಳಲ್ಲಿಯೂ ಇವೆಯೆಂದಿಟ್ಟುಕೊಳ್ಳಬಹುದು. ಕೊಳ್ಳೇಗಾಲ–ಹನೂರಿನ ತಂತಿ ಸೊನ್ನೆಯ ವಲಯ. ಹನೂರು–ಪಾಲಾರಿನದು ಒಂದನೆಯ ವಲಯ. ಎರಡನ್ನೂ ಸೊನ್ನೆಯಲ್ಲಿ ಸೇರಿಸಬೇಕು. ತಂತಿಯ ಎರಡು ತುದಿಗಳೂ ಒಂದೇ ವಲಯದ ಸಂಖ್ಯೆಯನ್ನು ಹೇಳದಿದ್ದರೆ, ತಂತಿ ನೆಟ್ಟಗಿದ್ದರೂ ನೆರೆಯ ರೂಟರುಗಳು ಪರಸ್ಪರ ಗುರುತಿಸವು. ಕೊಳ್ಳೇಗಾಲದಲ್ಲಿ ಕುಳಿತ ಕೆಲಸಗಾರ ಆತುರದಿಂದ ಹನೂರಿನ ತುದಿಯನ್ನು ಮೊದಲು ಬದಲಿಸಿದನೆಂದರೆ ಪಾಲಾರಿನ ದಾರಿ ಅಡಗಿತು. ಹನೂರಿನ ರೂಟರನ್ನೇ ಮೆಟ್ಟಿಲಾಗಿಸಿಕೊಂಡು ಆಚೆಗೆ ದಾಟುವ ಉಪಾಯ ಬಲ್ಲವನು ಪಾರಾದಾನು. ಅರಿಯದವನು ಬೆಟ್ಟದ ಬಸ್ಸನ್ನು ಹಿಡಿಯಬೇಕು.

ಆದುದರಿಂದ ಮೊದಲು ಪಾಲಾರಿನ ತುದಿ, ಅನಂತರ ಹನೂರಿನದು. ಮೊದಲ ಆಜ್ಞೆ ಕೊಟ್ಟೊಡನೆ ಪಾಲಾರಿನ ಸಂಪರ್ಕ ಕಡಿಯುತ್ತದೆ; ಗಾಬರಿಗೆ ಕಾರಣವಿಲ್ಲ. ಹನೂರು ಇನ್ನೂ ಕೈಗೆಟಕುವಂತಿದೆ. ಅದನ್ನೂ ಬದಲಿಸಿದರೆ ನೆರೆಯವರು ಮತ್ತೆ ಮಾತಿಗೆ ತೊಡಗುತ್ತಾರೆ. ಗೊತ್ತಾದ ಹೊತ್ತಿನೊಳಗೆ ಖಚಿತಪಡಿಸದಿದ್ದರೆ ಹಳೆಯ ಸ್ಥಿತಿಗೆ ತಾನಾಗಿ ಮರಳುವ ಏರ್ಪಾಡು ಹಲವು ರೂಟರುಗಳಲ್ಲಿದೆ. ಅದನ್ನು ಮೊದಲೇ ಇಟ್ಟುಕೊಳ್ಳುವುದು ಜಾಣತನ. ಎಲ್ಲವೂ ಸುಗಮವಾಗಿ ನಡೆದರೂ ಕೊಂಚ ಹೊತ್ತು ವ್ಯವಹಾರ ನಿಲ್ಲುವುದು ತಪ್ಪದು. ಅದಕ್ಕಾಗಿ ಬ್ಯಾಂಕಿನ ಬಾಗಿಲು ಹಾಕಿದ ಮೇಲೆಯೇ ಕೈಹಾಕಬೇಕು.

ಮಗಳ ಮದುವೆಗೆಂದು ಹಣ ತೆಗೆಯಲು ಪಾಲಾರಿನ ಶಾಖೆಗೆ ಬಂದು ನಿಂತ ರೈತನಿಗೆ ವಲಯಗಳ ಗೊಡವೆಯಿಲ್ಲ. ಅವನ ಸರದಿ ಬಂದಾಗ ದಾರಿ ತೆರೆದಿರಬೇಕು, ಅಷ್ಟೆ. ಗೆರೆಯನ್ನು ಅಳಿಸಹೊರಟವನು ತನ್ನ ಮೇಜಿನಿಂದಲ್ಲ, ಅವನು ನಿಂತ ತುದಿಯಿಂದ ಕೆಲಸವನ್ನಾರಂಭಿಸಬೇಕು.