ಡೊಮೈನ್ ಹೆಸರು ಯಾರ ಹೆಸರಿನಲ್ಲಿದೆ?

ಅಂಗಡಿಯ ಬಾಡಿಗೆ ಕರಾರು, ಟ್ರೇಡ್ ಲೈಸೆನ್ಸ್, ವಿದ್ಯುತ್ ಮೀಟರು ಯಾರ ಹೆಸರಿನಲ್ಲಿವೆ ಎಂದು ಕೇಳಿದರೆ ಯಾವ ವ್ಯಾಪಾರಿಯೂ ತಡವರಿಸದೆ ಉತ್ತರಿಸುತ್ತಾನೆ. ಸಂಸ್ಥೆಯ ಡೊಮೈನ್ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ಕೇಳಿದರೆ ಮಾತ್ರ, "ವೆಬ್‌ಸೈಟ್ ಮಾಡಿಕೊಟ್ಟ ಹುಡುಗನನ್ನು ವಿಚಾರಿಸಬೇಕು" ಎಂಬ ಉತ್ತರ ಬರುವುದುಂಟು. ಅಪಾಯವಿರುವುದು ಈ ಉತ್ತರದಲ್ಲಿಯೇ.

ಡೊಮೈನ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಂಡುಕೊಳ್ಳಲಾಗದು. ರಿಜಿಸ್ಟ್ರಾರ್ ಎನಿಸಿಕೊಳ್ಳುವ ಅಧಿಕೃತ ಸಂಸ್ಥೆಯ ಮೂಲಕ ಒಮ್ಮೆಗೆ 1ರಿಂದ 10 ವರ್ಷಗಳ ಅವಧಿಗೆ ಅದರ ಬಳಕೆಯ ಹಕ್ಕು ದೊರೆಯುತ್ತದೆ. ಆ ಹಕ್ಕು ದಾಖಲೆಯಲ್ಲಿ ನೋಂದಾಯಿತರೆಂದು ನಮೂದಾದವರದೇ ಹೊರತು ಹಣ ಕೊಟ್ಟ ಮಾತ್ರಕ್ಕೆ ಬರುವಂಥದ್ದಲ್ಲ. ವೆಬ್‌ಸೈಟ್ ರೂಪಿಸಿದವರು ಅನುಕೂಲಕ್ಕೆಂದು ತಮ್ಮ ಖಾತೆಯಲ್ಲಿಯೇ ಹೆಸರನ್ನು ನೋಂದಾಯಿಸಿದ್ದರೆ, ಅವರೊಡನೆ ವ್ಯವಹಾರ ಕೆಟ್ಟ ದಿನ ಮಾಲೀಕನ ಕೈ ಬರಿದಾಗುತ್ತದೆ.

ಅವಧಿ ಮೀರಿದಾಗಿನ ಹಾನಿ ಇನ್ನೂ ದೊಡ್ಡದು. ಡಾಟ್ ಕಾಮ್ ಹೆಸರೊಂದು ನವೀಕರಣವಿಲ್ಲದೆ ಅಳಿಸಲ್ಪಟ್ಟರೆ, ಹೆಚ್ಚಿನ ಶುಲ್ಕ ತೆತ್ತು ಮರಳಿ ಪಡೆಯಲು 30 ದಿನಗಳ ಅವಕಾಶವಿರುತ್ತದೆ. ಬಳಿಕ 5 ದಿನ ಕಳೆದರೆ ಅದು ಯಾರು ಬೇಕಾದರೂ ನೋಂದಾಯಿಸಿಕೊಳ್ಳಬಹುದಾದ ಹೆಸರು. ಆಗ ಕಳೆದುಹೋಗುವುದು ವೆಬ್‌ಸೈಟ್ ಒಂದೇ ಅಲ್ಲ. ಆ ಹೆಸರಿನ ಇ-ಮೇಲ್ ವಿಳಾಸಗಳೂ ಹೊಸಬರ ವಶವಾಗುತ್ತವೆ. ಗ್ರಾಹಕರ ಆರ್ಡರು, ತೆರಿಗೆ ಇಲಾಖೆಯ ನೋಟೀಸು, ಬ್ಯಾಂಕಿನ ಪತ್ರ ಎಲ್ಲವೂ ಅಪರಿಚಿತರ ಕೈ ಸೇರಬಹುದು.

ಹೆಸರಿನ ಆಯ್ಕೆಯಲ್ಲಿಯೂ ಎಚ್ಚರ ಅಗತ್ಯ. ಕಂಪನಿ ರಿಜಿಸ್ಟ್ರಾರರ ದಾಖಲೆ, ಟ್ರೇಡ್‌ಮಾರ್ಕ್ ದಾಖಲೆ, ಡೊಮೈನ್ ದಾಖಲೆ ಈ ಮೂರೂ ಬೇರೆ ಬೇರೆ. ಒಂದರಲ್ಲಿ ಹೆಸರು ದೊರೆತ ಮಾತ್ರಕ್ಕೆ ಉಳಿದೆರಡರಲ್ಲಿ ಹಕ್ಕು ಹುಟ್ಟುವುದಿಲ್ಲ. 'ಸಿಫಿ' ಹೆಸರಿನಲ್ಲಿ 1999ರಿಂದ ಡೊಮೈನ್‌ಗಳನ್ನು ಹೊಂದಿದ್ದ ಸತ್ಯಂ ಇನ್ಫೋವೇ ಸಂಸ್ಥೆ, 2001ರಲ್ಲಿ 'ಸಿಫ್ಫಿ' ಎಂಬ ಹೋಲುವ ಹೆಸರನ್ನು ನೋಂದಾಯಿಸಿದ ಸಂಸ್ಥೆಯ ವಿರುದ್ಧ ಬೆಂಗಳೂರಿನ ನಗರ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಅಲ್ಲಿ ದೊರೆತ ತಾತ್ಕಾಲಿಕ ತಡೆಯಾಜ್ಞೆಯನ್ನು ಉಚ್ಚ ನ್ಯಾಯಾಲಯ ರದ್ದುಪಡಿಸಿತು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಮತ್ತೆ ಊರ್ಜಿತಗೊಳಿಸಿತು. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕ್‌ನ ಲಕ್ಷಣಗಳುಂಟು ಎಂಬುದು ಆ ತೀರ್ಪಿನ ಸಾರ. ಮೊದಲೇ ನೋಂದಾಯಿಸಿಕೊಂಡೆನೆಂದು ಇತರರ ಹೆಸರಿನ ನೆರಳಿನಲ್ಲಿ ವ್ಯಾಪಾರ ಮಾಡಲಾಗದು. ಆದ್ದರಿಂದ ನೋಂದಣಿಗೆ ಮುನ್ನ ಟ್ರೇಡ್‌ಮಾರ್ಕ್ ದಾಖಲೆಯನ್ನು ಶೋಧಿಸುವುದು ಲೇಸು.

ನಮ್ಮ ಹೆಸರುಗಳಿಗೆ ಮತ್ತೊಂದು ತೊಡಕಿದೆ. 'ಲಕ್ಷ್ಮಿ' ಎಂಬುದನ್ನು ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯಾಗಿ ಬರೆಯುವವರಿದ್ದಾರೆ. ದೂರವಾಣಿಯಲ್ಲಿ ಕೇಳಿದವನು ತಪ್ಪಿಲ್ಲದೆ ಬರೆಯಬಲ್ಲ ಚಿಕ್ಕ ಹೆಸರೇ ಉತ್ತಮ. ಬಳಕೆಯಲ್ಲಿರುವ ಬೇರೆ ಕಾಗುಣಿತವನ್ನೂ ಜೊತೆಗೆ ನೋಂದಾಯಿಸಿಕೊಂಡರೆ ವೆಚ್ಚ ಅಲ್ಪ, ರಕ್ಷಣೆ ಹೆಚ್ಚು. ದೇಶದೊಳಗಿನ ವ್ಯಾಪಾರಕ್ಕೆ ಡಾಟ್ ಇನ್ ಸೂಕ್ತವಾದುದು. 2005ರಿಂದ ನಿಕ್ಸಿ ಸಂಸ್ಥೆಯ ಆಡಳಿತದಲ್ಲಿರುವ ಈ ಹೆಸರುಗಳ ವಿವಾದಗಳನ್ನು ಮಧ್ಯಸ್ಥಿಕೆಯ ಮೂಲಕ ಪರಿಹರಿಸಿಕೊಳ್ಳಲು ಪ್ರತ್ಯೇಕ ನಿಯಮಾವಳಿಯೇ ಇದೆ.

ಪರಿಹಾರ ಕಷ್ಟಸಾಧ್ಯವೇನಲ್ಲ. ನೋಂದಣಿ ಸಂಸ್ಥೆಯ ಹೆಸರಿನಲ್ಲಿರಲಿ. ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯಿರಲಿ. ರಿಜಿಸ್ಟ್ರಾರರ ಖಾತೆಯ ಪಾಸ್‌ವರ್ಡ್ ಮಾಲೀಕನ ಬಳಿ ಇರಲಿ. ಆ ಖಾತೆಗೆ ಕೊಡುವ ಇ-ಮೇಲ್ ಅದೇ ಡೊಮೈನ್‌ನದಾಗಿರದಿರಲಿ. ಡೊಮೈನ್ ನಿಂತಾಗ ಎಚ್ಚರಿಕೆಯ ಪತ್ರವೂ ತಲುಪದೆ ಹೋದೀತು. ಪಾಲುದಾರಿಕೆ ಸಂಸ್ಥೆಗಳಲ್ಲಿ ಪಾಲುದಾರನು ನಿವೃತ್ತನಾದಾಗ ಡೊಮೈನ್ ಯಾರಿಗೆ ಉಳಿಯತಕ್ಕದ್ದೆಂಬುದನ್ನು ಪಾಲುದಾರಿಕೆ ಪತ್ರದಲ್ಲಿ ಬರೆದಿಡುವುದು ಜಾಣತನ.

ಅಂಗಡಿಯ ಬೋರ್ಡು ಕಳವಾದರೆ ಹೊಸದನ್ನು ಬರೆಸಬಹುದು. ಹತ್ತು ವರ್ಷ ಗ್ರಾಹಕರ ಬಾಯಲ್ಲಿ ನೆಲೆಸಿದ ವಿಳಾಸ ಪರರ ಪಾಲಾದರೆ ಮರಳಿ ಪಡೆಯುವುದು ಸುಲಭವಲ್ಲ. ಲೈಸೆನ್ಸು, ವಿಮೆಗಳ ನವೀಕರಣದ ದಿನಾಂಕಗಳ ಸಾಲಿನಲ್ಲಿ ಡೊಮೈನ್ ನವೀಕರಣದ ದಿನಾಂಕವನ್ನೂ ಬರೆದಿಡುವುದು ಪ್ರತಿಯೊಬ್ಬ ವರ್ತಕನ ಕರ್ತವ್ಯ.