ನೇಮಕಾತಿ ಪತ್ರವೂ ಒಂದು ನುಡಿಯೇ



ನುಡಿಗೂ ನಡೆಗೂ ಅಂತರವಿರಬಾರದೆಂದು ಶರಣರು ಮತ್ತೆ ಮತ್ತೆ ಎಚ್ಚರಿಸಿರುವುದನ್ನು ನಾವೆಲ್ಲ ಬಲ್ಲೆವು. ಈ ಎಚ್ಚರಿಕೆಯನ್ನು ಸಾಮಾನ್ಯವಾಗಿ ವ್ಯಕ್ತಿಯೊಬ್ಬನ ಬಾಳಿಗೆ ಮಾತ್ರ ಅನ್ವಯಿಸಿಕೊಳ್ಳುತ್ತೇವೆ. ಸಾವಿರಾರು ಮಂದಿಗೆ ಕೆಲಸ ಕೊಡುವ ಕಂಪನಿಯ ನುಡಿಗೂ ಅದು ಸಲ್ಲುವುದೇ ಎಂಬುದು ಇಂದಿನ ಪ್ರಶ್ನೆ.

ಮರಳವಾಡಿಯ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆಗೂಡು ಮಾರಿದ ಹಣ, ಡೇರಿಯ ಬಟವಾಡೆ, ಸಾಲದೆ ಹೋದರೆ ಬ್ಯಾಂಕಿನ ಶಿಕ್ಷಣ ಸಾಲ ಇವುಗಳಿಂದ ಮಗನನ್ನೋ ಮಗಳನ್ನೋ ಇಂಜಿನಿಯರಿಂಗ್ ಓದಿಸುವ ಮನೆಗಳು ಈಗ ಅಪರೂಪವಲ್ಲ. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ ಹತ್ತಿರದಲ್ಲೇ ಇದ್ದರೂ ಈ ಮನೆಗಳ ಆಸೆ ಹೋಗಿ ನಿಲ್ಲುವುದು ಬೆಂಗಳೂರಿನ ಅಥವಾ ಮೈಸೂರಿನ ಸಾಫ್ಟ್‌ವೇರ್ ಕಂಪನಿಯ ಬಾಗಿಲಲ್ಲಿ. ಕಾಲೇಜಿನ ಸಂದರ್ಶನದಲ್ಲಿ ಆಯ್ಕೆಯಾದ ಪತ್ರ ಬಂದರೆ ಅದು ಊರಿನ ಸುದ್ದಿ. ಬಂಧುಗಳಿಗೆ ತಿಳಿಯುತ್ತದೆ, ಸಾಲ ಕೊಟ್ಟವರಿಗೂ ತಿಳಿಯುತ್ತದೆ. ಮನೆಯ ಮುಂದಿನ ಲೆಕ್ಕವೆಲ್ಲ ಆ ಒಂದು ಹಾಳೆಯನ್ನೇ ನೆಚ್ಚಿ ನಿಲ್ಲುತ್ತದೆ.

ಅಂತಹ ಹಾಳೆಯ ಬೆಲೆಯೆಷ್ಟೆಂಬುದನ್ನು ಇನ್ಫೋಸಿಸ್‌ನ ಮೈಸೂರು ಆವರಣದಲ್ಲಿ 2025ರ ಫೆಬ್ರವರಿಯಲ್ಲಿ ನಡೆದ ಸಂಗತಿ ತೋರಿಸಿತು. 2022ರಲ್ಲಿ ಆಯ್ಕೆಯಾಗಿ, ಎರಡು ವರ್ಷಕ್ಕೂ ಮಿಗಿಲಾಗಿ ಕಾದು, 2024ರ ಅಕ್ಟೋಬರ್ ಸುಮಾರಿಗೆ ತರಬೇತಿಗೆ ಸೇರಿದ್ದವರ ಪೈಕಿ 300ಕ್ಕೂ ಹೆಚ್ಚು ಮಂದಿಯನ್ನು ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂದು ಹೊರಕಳುಹಿಸಲಾಯಿತು. ನೌಕರರ ಸಂಘಟನೆಯಾದ ನೈಟ್ಸ್, ಸಂಖ್ಯೆ 700ರಷ್ಟೆಂದು ಹೇಳಿ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು. ಪ್ರತಿಯೊಬ್ಬರಿಗೂ ಮೂರು ಅವಕಾಶಗಳಿದ್ದವು, ಷರತ್ತು ಒಪ್ಪಂದದಲ್ಲಿಯೇ ಇತ್ತು, ಎರಡು ದಶಕಗಳಿಂದ ಇದೇ ಪದ್ಧತಿ ಎಂಬುದು ಕಂಪನಿಯ ಉತ್ತರ.

ಪರೀಕ್ಷೆಯೇ ತಪ್ಪೆಂದು ನಾವು ಹೇಳಲಾರೆವು. ಕಾಯಕಕ್ಕೆ ಕುಶಲತೆ ಬೇಕು. ನೇಯಲು ಬಾರದವನ ಕೈಗೆ ಮಗ್ಗ ಕೊಟ್ಟರೆ ನೂಲೇ ಹಾಳು. ಆದರೆ ಕಾದ ಎರಡು ವರ್ಷಗಳನ್ನು ಯಾವ ಪರೀಕ್ಷೆ ಅಳೆಯಿತು? ಕಲಿತ ವಿದ್ಯೆ ಬಳಕೆಯಿಲ್ಲದೆ ಮಸುಕಾಗುತ್ತದೆ. ಹೊಸಬರನ್ನು ಕರೆಯುವ ಕಂಪನಿಗಳು ಬಹುಮಟ್ಟಿಗೆ ಇಂತಹ ವರ್ಷ ತೇರ್ಗಡೆಯಾದವರೇ ಬೇಕೆಂದು ಕೇಳುವುದರಿಂದ, ಪತ್ರವನ್ನು ನಂಬಿ ಕುಳಿತವನಿಗೆ ಉಳಿದ ಬಾಗಿಲುಗಳೂ ಮುಚ್ಚುತ್ತವೆ. ಅಭ್ಯರ್ಥಿಗೆ ಮೂರು ಪರೀಕ್ಷೆಗಳು, ಪತ್ರ ಕೊಟ್ಟವರಿಗೆ ಒಂದೂ ಇಲ್ಲ.

ಈ ವಿಳಂಬ ಆಕಸ್ಮಿಕವೂ ಅಲ್ಲ. ಕೊರೋನಾ ಕಾಲದಲ್ಲಿ ಗಣಕ ಸೇವೆಗಳ ಬೇಡಿಕೆ ಏರಿದಾಗ, 2021-22ರಲ್ಲಿ ಈ ಒಂದೇ ಕಂಪನಿ ಸುಮಾರು 85,000 ಹೊಸಬರನ್ನು ತೆಗೆದುಕೊಂಡಿತು. ಬೇಡಿಕೆ ಇಳಿದ 2023-24ರಲ್ಲಿ ಹೊಸಬರು 12,000ಕ್ಕಿಂತಲೂ ಕಡಿಮೆ. ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನೆನಪಾಗದಿರದು. ಮಾರಯ್ಯ ಅಂಗಳದಲ್ಲಿ ಆಯ್ದು ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾದಾಗ, ಹೋಗಿ ಅಲ್ಲಿಯೇ ಸುರಿದು ಬನ್ನಿ ಎಂದವಳು ಆ ತಾಯಿ. ಅಕ್ಕಿಯನ್ನಾದರೆ ಮರಳಿ ಸುರಿಯಬಹುದು. ಇಪ್ಪತ್ತೆರಡು ವಯಸ್ಸಿನ ಮಕ್ಕಳನ್ನು?

ಕಂಪನಿಯ ಪಾಲಿಗೆ ಸಲ್ಲಬೇಕಾದುದನ್ನೂ ಹೇಳಬೇಕು. 2025ರ ಏಪ್ರಿಲ್‌ನಲ್ಲಿ ಇನ್ನೂ ಸುಮಾರು 240 ಮಂದಿಯನ್ನು ಕಳುಹಿಸುವಾಗ ಒಂದು ತಿಂಗಳ ಪರಿಹಾರವನ್ನೂ, ಬೇರೆ ಕೆಲಸಕ್ಕೆ ಬೇಕಾದ ಉಚಿತ ತರಬೇತಿಯನ್ನೂ ಕೊಡಲು ಅದು ಮುಂದಾಯಿತು. ಸರ್ಕಾರದ ನಡೆಯೂ ಪ್ರಶ್ನೆಗೆ ಹೊರತಲ್ಲ. ಕೆಲಸದ ಷರತ್ತುಗಳನ್ನು ಲಿಖಿತವಾಗಿ ಗೊತ್ತುಪಡಿಸುತ್ತಿದ್ದ 1946ರ ಸ್ಥಾಯೀ ಆದೇಶಗಳ ಕಾಯ್ದೆಯಿಂದ ಐಟಿ ಉದ್ಯಮಕ್ಕೆ ಕೊಟ್ಟಿದ್ದ ವಿನಾಯಿತಿಯನ್ನು ನಮ್ಮ ರಾಜ್ಯ 2024ರಲ್ಲಿ ಮತ್ತೆ ಐದು ವರ್ಷಗಳಿಗೆ ವಿಸ್ತರಿಸಿತು. ಉದ್ಯಮ ಬೆಳೆಯಲೆಂದು ಕೊಟ್ಟ ರಿಯಾಯಿತಿ ಅದು. ಅಷ್ಟು ಬೆಳೆದ ಮೇಲೂ ಅದರ ಅಗತ್ಯವಿತ್ತೇ ಎಂದು ಕೇಳುವವರು ಕಡಿಮೆ.

ನಮ್ಮ ಅಭಿಪ್ರಾಯವಿಷ್ಟೆ. ಆಯ್ಕೆಯ ಪತ್ರದಲ್ಲಿ ಕೆಲಸಕ್ಕೆ ಸೇರುವ ದಿನಾಂಕವಿರಲಿ. ಆ ದಿನ ಮೀರಿದರೆ ಸೇರುವವರೆಗೆ ತಿಂಗಳಿಗಿಷ್ಟೆಂದು ಭತ್ಯೆ ಸಲ್ಲಲಿ. ಸಂದರ್ಶನಕ್ಕೆ ಕಂಪನಿಗಳನ್ನು ಕರೆಸುವ ಇಂಜಿನಿಯರಿಂಗ್ ಕಾಲೇಜುಗಳು ಈ ಎರಡು ಸಾಲುಗಳನ್ನು ಮೊದಲೇ ಕೇಳಬಹುದು. ಹಾಗೆ ಕೇಳಿದರೆ ಬರುವ ಕಂಪನಿಗಳು ಕಡಿಮೆಯಾದಾವೆಂಬ ಅಂಜಿಕೆ ಕಾಲೇಜುಗಳಿಗಿದೆ. ಕಡಿಮೆಯಾದರೂ ಆಗಲಿ, ಬಂದವರು ಕೊಟ್ಟ ಪತ್ರವನ್ನು ನಂಬಿ ಮರಳವಾಡಿಯ ತಂದೆಯೊಬ್ಬ ಸಾಲದ ಕಂತಿನ ದಿನವನ್ನು ಗೊತ್ತುಮಾಡಿಕೊಳ್ಳುವಂತಿರಬೇಕು.