ಓರಣ ಯಾರಿಗಾಗಿ?

ಯಂತ್ರದ ಒಳಗಿನ ವೈರುಗಳು ಓರಣವಾಗಿರಬೇಕೇ, ಇಲ್ಲ ಕೆಲಸ ನಡೆದರೆ ಸಾಕೇ? ಸ್ಪರ್ಧೆಗೆ ರೋಬೋಟ್ ಕಟ್ಟುವ ತಂಡಗಳಲ್ಲಿ ಈ ಜಗಳ ಪ್ರತಿವರ್ಷ ಏಳುತ್ತದೆ, ಹೆಚ್ಚಾಗಿ ಒಂದೇ ರೀತಿ ಮುಗಿಯುತ್ತದೆ: ಮೊದಲು ತೋಳು, ಚಕ್ರ, ಗೇರು ಆಗಲಿ, ವೈರಿಂಗ್ ಕೊನೆಗೆ ನೋಡಿಕೊಂಡರಾಯಿತು. ಕೊನೆಯ ಹೊತ್ತಿಗೆ ಜಾಗವೂ ಉಳಿದಿರುವುದಿಲ್ಲ, ಸಮಯವೂ ಉಳಿದಿರುವುದಿಲ್ಲ. ಓರಣವೆಂದರೆ ತೀರ್ಪುಗಾರರ ಕಣ್ಣಿಗೆ ಹಿತವಾಗಲೆಂದು ಮಾಡುವ ಶೃಂಗಾರ ಎಂಬ ತಿಳಿವಳಿಕೆಯೇ ಇದಕ್ಕೆ ಮೂಲ. ಆ ತಿಳಿವಳಿಕೆ ತಪ್ಪು. ಒಳ್ಳೆಯ ವೈರಿಂಗ್ ಮಾಡುವುದು ನಾಳೆ ಅದನ್ನು ರಿಪೇರಿ ಮಾಡಬೇಕಾದವರಿಗಾಗಿ. ಮದುವೆಮನೆಯ ಉಗ್ರಾಣವನ್ನು ಜೋಡಿಸುವುದು ಬಂದ ನೆಂಟರು ನೋಡಲೆಂದಲ್ಲ, ನಡುರಾತ್ರಿ ಯಾರು ಹೋದರೂ ಬೆಲ್ಲದ ಡಬ್ಬ ಕೈಗೆ ಸಿಗಲೆಂದು.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ನಿಜವಾದ ಸ್ಪರ್ಧೆಯನ್ನೇ ತೆಗೆದುಕೊಳ್ಳೋಣ. ಅಮೆರಿಕದ ಡೀನ್ ಕೇಮನ್ 1989ರಲ್ಲಿ ಹುಟ್ಟುಹಾಕಿದ ‘ಫಸ್ಟ್’ ಸಂಸ್ಥೆ ಹೈಸ್ಕೂಲ್ ವಿದ್ಯಾರ್ಥಿಗಳಿಗಾಗಿ 1992ರಿಂದ ರೋಬೋಟ್ ಸ್ಪರ್ಧೆ ನಡೆಸುತ್ತಿದೆ. ಪ್ರತಿ ಜನವರಿಯಲ್ಲಿ ಹೊಸ ಆಟ ಪ್ರಕಟವಾಗುತ್ತದೆ. ಕೆಲವೇ ವಾರಗಳಲ್ಲಿ ಅದಕ್ಕೆ ತಕ್ಕ ರೋಬೋಟ್ ಸಿದ್ಧವಾಗಬೇಕು. ಒಂದು ಪಂದ್ಯ ಸುಮಾರು ಎರಡೂವರೆ ನಿಮಿಷ. ಅಷ್ಟು ಹೊತ್ತು ಯಾರೂ ರೋಬೋಟನ್ನು ಮುಟ್ಟುವಂತಿಲ್ಲ. ಬ್ಯಾಟರಿ, ಬಂಪರ್ ಬಿಟ್ಟು ರೋಬೋಟಿನ ತೂಕದ ಮಿತಿ 2024ರಲ್ಲಿ 125 ಪೌಂಡ್, ಅಂದರೆ ಸುಮಾರು 57 ಕಿಲೊ ಇತ್ತು. ಮರುವರ್ಷ ಅದು 115 ಪೌಂಡಿಗೆ ಇಳಿಯಿತು. ತೋಳಿಗೆ, ಎತ್ತುವ ಯಂತ್ರಕ್ಕೆ ಪ್ರತಿಯೊಂದು ಗ್ರಾಮೂ ಬೇಕಾದ್ದರಿಂದ ಎಲೆಕ್ಟ್ರಾನಿಕ್ಸ್ ಫಲಕ ಹಗುರವಾಗಿರಲೇಬೇಕು. ಓರಣ ಮತ್ತು ಹಗುರ ಎರಡನ್ನೂ ಒಟ್ಟಿಗೆ ಸಾಧಿಸಲಾಗದು, ಒಂದನ್ನು ಬಿಡಬೇಕು ಎಂದು ಬಹಳ ಜನ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ.

ರೋಬೋಟಿಗೆ ಶಕ್ತಿ ಕೊಡುವುದು 12 ವೋಲ್ಟಿನ, 18 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿ. ತೂಕ ಸುಮಾರು 6 ಕಿಲೊ. ನಾಲ್ಕು ಚಕ್ರಗಳ ಮೋಟರುಗಳು ಒಮ್ಮೆಲೇ ಜೋರಾಗಿ ಎಳೆದಾಗ 250 ಆಂಪಿಯರ್ ಹರಿಯಿತೆನ್ನಿ. ಬ್ಯಾಟರಿಯ ಒಳಗಿನ ರೋಧ, ವೈರು, ಬ್ರೇಕರ್, ಜೋಡಣೆಗಳೆಲ್ಲ ಸೇರಿ ದಾರಿಯಲ್ಲಿ 0.02 ಓಮ್ ರೋಧವಿದ್ದರೆ 5 ವೋಲ್ಟ್ ಅಲ್ಲೇ ಕರಗುತ್ತದೆ, 12.5 ಇದ್ದದ್ದು 7.5ಕ್ಕೆ ಬರುತ್ತದೆ. ಈಗ ಬ್ಯಾಟರಿಯ ಲಗ್ಗಿನ ಒಂದು ಬೋಲ್ಟ್ ಸ್ವಲ್ಪ ಸಡಿಲವಾಗಿದೆ, ಅದರಿಂದ 0.005 ಓಮ್ ಹೆಚ್ಚಾಗಿದೆ ಎಂದುಕೊಳ್ಳಿ. ಇನ್ನೂ 1.25 ವೋಲ್ಟ್ ಹೋಯಿತು. ಉಳಿದದ್ದು 6.25. ಈ ಸ್ಪರ್ಧೆಯ ರೋಬೋಟುಗಳಲ್ಲಿ ಬಳಕೆಯಲ್ಲಿರುವ ರೋಬೋರಿಯೊ 2 ಎಂಬ ನಿಯಂತ್ರಕ ವೋಲ್ಟೇಜ್ 6.75ಕ್ಕಿಂತ ಕೆಳಗಿಳಿದರೆ ಮೋಟರುಗಳನ್ನು ತಾನೇ ನಿಲ್ಲಿಸಿಬಿಡುತ್ತದೆ. ಎದುರಾಳಿಯನ್ನು ತಳ್ಳುತ್ತಿದ್ದ ರೋಬೋಟ್ ಸರಿಯಾಗಿ ಆ ಕ್ಷಣಕ್ಕೇ ತಡವರಿಸುತ್ತದೆ. ಚಾಲಕ ಹುಡುಗರು ಪ್ರೋಗ್ರಾಮನ್ನು ಬೈಯುತ್ತಾರೆ. ದೋಷವಿರುವುದು ಸ್ಪ್ಯಾನರಿನಿಂದ ಕಾಲು ಸುತ್ತು ಬಿಗಿಸಬೇಕಿದ್ದ ಬೋಲ್ಟಿನಲ್ಲಿ.

ವೈರನ್ನು ಸಣ್ಣದು ಮಾಡಿ ತೂಕ ಉಳಿಸೋಣವೆಂದರೆ ನಿಯಮ ಬಿಡುವುದಿಲ್ಲ. 40 ಆಂಪಿಯರ್ ಬ್ರೇಕರಿನಿಂದ ಹೊರಟ ವೈರು ಕನಿಷ್ಠ 12 ಗೇಜ್ ಇರಬೇಕು, ಬ್ಯಾಟರಿಯಿಂದ ಬರುವ ಮುಖ್ಯ ವೈರು ಅದಕ್ಕಿಂತ ದಪ್ಪ, ಕನಿಷ್ಠ 6 ಗೇಜ್. ಆದರೆ ಉದ್ದವನ್ನು ಕಡಿಮೆ ಮಾಡಲು ಯಾರ ಅಡ್ಡಿಯೂ ಇಲ್ಲ. 6 ಗೇಜ್ ವೈರಿನಲ್ಲಿ ತಾಮ್ರವೇ ಮೀಟರಿಗೆ ಸುಮಾರು 120 ಗ್ರಾಂ. ಬ್ಯಾಟರಿ, ಮುಖ್ಯ ಬ್ರೇಕರ್, ವಿದ್ಯುತ್ ಹಂಚುವ ಪೆಟ್ಟಿಗೆ ಮೂರನ್ನೂ ಹತ್ತಿರ ಕೂರಿಸಿದರೆ ತೂಕ ಉಳಿಯುತ್ತದೆ, ವೋಲ್ಟೇಜ್ ಉಳಿಯುತ್ತದೆ, ನೋಡಲೂ ಬಿಡಿಸಿದಂತಿರುತ್ತದೆ. ಓರಣ ಮತ್ತು ಹಗುರ ಒಂದೇ ಕೆಲಸದಿಂದ ಬರುವುದು ಹೀಗೆ. ಜಾಗ ಮಿಕ್ಕ ಕಡೆ ಡಬ್ಬಿಗಳನ್ನು ತುರುಕಿ, ಅವುಗಳ ನಡುವೆ ವೈರನ್ನು ಸುತ್ತಿ ಬಳಸಿ ಎಳೆದಾಗ ಎರಡೂ ಒಟ್ಟಿಗೇ ಕೈತಪ್ಪುತ್ತವೆ.

ಫಲಕದ ವಸ್ತುವಿನ ವಿಷಯಕ್ಕೆ ಬಂದರೆ ನನ್ನ ಒಲವು ಪ್ಲೈವುಡ್ಡಿನ ಕಡೆ. 60 ಸೆಂಟಿಮೀಟರ್ ಚದರದ, 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆ 2.9 ಕಿಲೊ ತೂಗುತ್ತದೆ. ಅಷ್ಟೇ ಅಳತೆಯ ಪಾಲಿಕಾರ್ಬೊನೇಟ್ 1.3 ಕಿಲೊ, ಬರ್ಚ್ ಪ್ಲೈವುಡ್ ಮುಕ್ಕಾಲು ಕಿಲೊ ಆಸುಪಾಸು. ಮರವೆಂದರೆ ಹಳೆಯ ಕಾಲದ್ದು ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಪ್ಲೈವುಡ್ ವಿದ್ಯುತ್ತನ್ನು ಹರಿಸುವುದಿಲ್ಲ, ಅದರ ಪುಡಿ ಬಿದ್ದರೆ ಶಾರ್ಟ್ ಆಗುವುದಿಲ್ಲ. ಅಲ್ಯೂಮಿನಿಯಂ ಫಲಕಕ್ಕೆ ಕೊನೇ ಗಳಿಗೆಯಲ್ಲಿ ಇನ್ನೊಂದು ತೂತು ಕೊರೆದರೆ ಅದರ ಸುರುಳಿ ಚೂರು ನಿಯಂತ್ರಕದ ಒಳಗೆ ಸೇರಿ ಕೆಲಸ ಕೆಡಿಸಬಹುದು. ಚೌಕಟ್ಟಿಗೂ ಬ್ಯಾಟರಿಗೂ ವಿದ್ಯುತ್ ಸಂಪರ್ಕ ಇರಕೂಡದೆಂಬ ನಿಯಮವೂ ಇದೆ. ಪಾಲಿಕಾರ್ಬೊನೇಟ್ ಒಳ್ಳೆಯದೇ, ಅದರೊಳಗಿನಿಂದ ಆಚೆ ಕಡೆ ಕಾಣುತ್ತದೆ. ಆದರೆ ಸ್ಕ್ರೂ ಸಡಿಲವಾಗದಿರಲೆಂದು ಹಾಕುವ ಥ್ರೆಡ್ ಲಾಕರ್ ತಗುಲಿದರೆ ತೂತಿನ ಸುತ್ತ ಬಿರುಕು ಬಿಡುತ್ತದೆ. ಅಲ್ಲಿ ನೈಲಾಕ್ ನಟ್ಟೇ ಸರಿ.

ತೂಕದ ಆಸೆಗೆ ವೈರನ್ನು ಕೊನೆಯಲ್ಲಿ ನೋಡಿಕೊಂಡರೆ ಏನಾಗುತ್ತದೆಂಬುದಕ್ಕೆ ದೊಡ್ಡವರ ಉದಾಹರಣೆಯೂ ಇದೆ. ಏರ್‌ಬಸ್ ಕಂಪನಿಯ ಎ380 ವಿಮಾನದಲ್ಲಿ ಸುಮಾರು 530 ಕಿಲೋಮೀಟರ್ ವೈರು. ತೂಕ ಇಳಿಸಲು ಅದರಲ್ಲಿ ಅಲ್ಯೂಮಿನಿಯಂ ವೈರನ್ನೂ ಬಳಸಿದರು. ಅದನ್ನು ತಾಮ್ರದಷ್ಟು ಚಿಕ್ಕದಾಗಿ ಬಾಗಿಸಲಾಗದು. ಜರ್ಮನಿ, ಸ್ಪೇನಿನ ಇಂಜಿನಿಯರುಗಳು ವಿನ್ಯಾಸದ ಸಾಫ್ಟ್‌ವೇರಿನ ಹಳೆಯ ಆವೃತ್ತಿಯಲ್ಲಿ, ಫ್ರಾನ್ಸ್, ಬ್ರಿಟನ್ನಿನವರು ಹೊಸದರಲ್ಲಿ ಕೆಲಸ ಮಾಡುತ್ತಿದ್ದರು. ಹ್ಯಾಂಬರ್ಗಿನಿಂದ ಬಂದ ಭಾಗಗಳನ್ನು ಟೂಲೂಸಿನಲ್ಲಿ ಜೋಡಿಸಲು ಹೋದಾಗ ವೈರುಗಳು ಸಾಲಲಿಲ್ಲ. 2006ರಲ್ಲಿ ಕಂಪನಿ ಮತ್ತೆ ಮತ್ತೆ ವಿಳಂಬ ಪ್ರಕಟಿಸಬೇಕಾಯಿತು. ಮೊದಲ ವಿಮಾನ ಸಿಂಗಾಪುರ ಏರ್‌ಲೈನ್ಸ್ ಕೈಗೆ ಸಿಕ್ಕಿದ್ದು 2007ರ ಅಕ್ಟೋಬರಿನಲ್ಲಿ. ರೆಕ್ಕೆ, ಎಂಜಿನ್ನುಗಳ ಲೆಕ್ಕವನ್ನು ಕರಾರುವಾಕ್ಕಾಗಿ ಮಾಡಿದ ಜನರನ್ನು ಕಾಡಿದ್ದು ವೈರು.

ನನ್ನ ವಾದಕ್ಕೆ ಬರುವ ಗಟ್ಟಿ ಆಕ್ಷೇಪ ಒಂದಿದೆ. ಬಹಳ ಅಚ್ಚುಕಟ್ಟಾಗಿ ಕಟ್ಟಿದ ಫಲಕವೇ ರಿಪೇರಿಗೆ ಕಷ್ಟ ಎನ್ನುತ್ತಾರೆ ಅನುಭವಸ್ಥರು. ಅವರ ಮಾತು ನಿಜ. ಎಲ್ಲ ವೈರುಗಳನ್ನೂ ಒಂದು ಕಪ್ಪು ಕೊಳವೆಯೊಳಗೆ ತೂರಿಸಿ, ಎರಡೆರಡು ಇಂಚಿಗೊಂದು ಜಿಪ್ ಟೈ ಬಿಗಿದರೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಅದರಲ್ಲೊಂದು ವೈರು ಕೆಟ್ಟರೆ ಇಡೀ ಕಟ್ಟನ್ನು ಕತ್ತರಿಸಬೇಕು. ಬಿಗಿಯಾಗಿ ಎಳೆದ ವೈರು ಡಿಕ್ಕಿಯ ಹೊಡೆತಕ್ಕೆ ಟರ್ಮಿನಲ್ಲಿನಿಂದ ಕಳಚಿಕೊಳ್ಳುತ್ತದೆ. ದೋಷವನ್ನು ಮುಚ್ಚಿಡುವ ಇಂಥದ್ದನ್ನು ನಾನು ಓರಣವೆಂದು ಕರೆಯುವುದಿಲ್ಲ. ಪ್ರತಿ ವೈರಿನ ಎರಡೂ ತುದಿಗೆ ಚೀಟಿ, ತುದಿಯ ಬಳಿ ಸ್ವಲ್ಪ ಸಡಿಲು, ಬಿಚ್ಚಿ ಕಟ್ಟಬಹುದಾದ ವೆಲ್ಕ್ರೊ ಪಟ್ಟಿ, ಯಾವ ಸ್ಕ್ರೂಗೂ ಇನ್ನೊಂದು ಡಬ್ಬಿ ಅಡ್ಡ ಬರದಂಥ ಜೋಡಣೆ: ಇವಿಷ್ಟಿದ್ದರೆ ನೋಟ ಸಾಧಾರಣವಾಗಿದ್ದರೂ ಫಲಕ ಓರಣವಾಗಿದೆ. 120 ಆಂಪಿಯರಿನ ಮುಖ್ಯ ಬ್ರೇಕರಿಗೆ ಒಂದು ಕೆಂಪು ಗುಂಡಿಯಿದೆ. ಎದುರಾಳಿಯ ತೋಳು ಅದಕ್ಕೆ ತಾಗಿದರೆ ರೋಬೋಟ್ ನಿಂತಲ್ಲೇ ನಿಲ್ಲುತ್ತದೆ. ಅದು ಕೈಗೆ ಸಿಗಬೇಕು, ಪೆಟ್ಟಿಗೆ ಸಿಗಬಾರದು.

ಮೋಟರ್ ನಿಯಂತ್ರಕಗಳನ್ನು ಸರಪಳಿಯಂತೆ ಜೋಡಿಸುವ ಕ್ಯಾನ್ ಬಸ್ಸಿನ ಹಳದಿ-ಹಸಿರು ಜೋಡಿ ವೈರನ್ನೇ ನೋಡಿ. ಅದರ ಎರಡು ತುದಿಯಲ್ಲಿ 120 ಓಮಿನ ಒಂದೊಂದು ರೋಧಕ ಇರುತ್ತದೆ. ವಿದ್ಯುತ್ ಆರಿಸಿ, ಒಂದು ತುದಿಯಲ್ಲಿ ಮೀಟರ್ ಹಿಡಿದರೆ 60 ಓಮ್ ತೋರಬೇಕು. 120 ತೋರಿದರೆ ಸರಪಳಿ ಎಲ್ಲೋ ತುಂಡಾಗಿದೆ. ವೈರು ಕಣ್ಣಿಗೆ ಕಾಣುವಂತೆ ಸಾಲಾಗಿ ಸಾಗಿದ್ದರೆ ಒಂದೊಂದು ಜೋಡಣೆಯನ್ನೂ ಬೆರಳಲ್ಲಿ ಮೆಲ್ಲಗೆ ಎಳೆದು ನೋಡುತ್ತ ಹೋಗಿ ಕೆಲ ನಿಮಿಷದಲ್ಲಿ ಹಿಡಿಯಬಹುದು. ಗೋಜಲಿನಲ್ಲಿ ಹೂತಿದ್ದರೆ ಮುಂದಿನ ಪಂದ್ಯ ಹೋಯಿತೆಂದೇ ಲೆಕ್ಕ.

ಆದ್ದರಿಂದ ಮಕ್ಕಳಿಗೆ ಮಾರ್ಗದರ್ಶನ ಮಾಡುವ ಮೇಷ್ಟ್ರುಗಳಲ್ಲಿ, ಹಿರಿಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಫಸ್ಟ್ ಸ್ಪರ್ಧೆಯದಿರಲಿ, ನಮ್ಮ ಇಂಜಿನಿಯರಿಂಗ್ ಕಾಲೇಜುಗಳವರು ರೋಬೋಕಾನ್ ಎಂಬ ರೋಬೋಟ್ ಸ್ಪರ್ಧೆಗೆ ಕಟ್ಟುವುದಿರಲಿ, ಮೊದಲ ದಿನದ ನಕ್ಷೆಯಲ್ಲೇ ಫಲಕಕ್ಕೆ ಜಾಗ ಬರೆಯಿರಿ. ಪ್ರತಿ ಡಬ್ಬಿಯ ಅಳತೆಗೂ ರಟ್ಟು ಕತ್ತರಿಸಿ, ಹರಡಿ, ಸರಿಸಿ ನೋಡಿರಿ. ವೈರಿಂಗ್ ಮುಗಿದ ಮೇಲೆ ಯಾರಿಗೂ ಹೇಳದೆ ಒಂದು ವೈರು ಕಿತ್ತು, ಆ ಕೆಲಸದಲ್ಲಿ ಕೈಹಾಕದ ಹುಡುಗನಿಗೋ ಹುಡುಗಿಗೋ ಮೀಟರ್ ಕೊಟ್ಟು ಹುಡುಕಲು ಹೇಳಿರಿ. ಐದು ನಿಮಿಷದಲ್ಲಿ ಸಿಗದಿದ್ದರೆ, ಸ್ಪರ್ಧೆಗೆ ಹೊರಡುವ ಮೊದಲು ಆ ಫಲಕವನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿರಿ.